ಐದು ಡಾಲರ್ ಲಕೋಟೆ, ಅರವತ್ತು ಸಾವಿರದ ಹುರಿಹಿಟ್ಟು

ಮಕ್ಕಳೇ, ಮೊದಲು ಒಂದು ಒಗಟು. ನಿಮ್ಮ ಕೈಗೆ ಒಂದು ಲಕೋಟೆ ಕೊಡುತ್ತಾರೆ. ಒಳಗೆ ಐದು ಡಾಲರ್ ಇದೆ, ನಮ್ಮ ಲೆಕ್ಕದಲ್ಲಿ ನಾನೂರು ಚಿಲ್ಲರೆ ರೂಪಾಯಿ ಎಂದಿಟ್ಟುಕೊಳ್ಳಿ. ಯೋಚನೆ ಮಾಡಲು ಬುಧವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ಪುರುಸೊತ್ತು. ಆದರೆ ಲಕೋಟೆ ಒಡೆದ ಗಳಿಗೆಯಿಂದ ಎರಡೇ ಗಂಟೆ. ಆ ಎರಡು ಗಂಟೆಯೊಳಗೆ ಎಷ್ಟಾಗುತ್ತದೋ ಅಷ್ಟು ಹಣ ಸಂಪಾದಿಸಬೇಕು. ಸೋಮವಾರ ಇಡೀ ತರಗತಿಯ ಮುಂದೆ ನಿಂತು ಏನು ಮಾಡಿದಿರೆಂದು ಮೂರು ನಿಮಿಷದಲ್ಲಿ ಹೇಳಬೇಕು. ಏನು ಮಾಡುತ್ತೀರಿ?

ಮುಂದೆ ಓದುವ ಮೊದಲು ಪುಸ್ತಕ ಮಡಿಸಿ ಸ್ವಲ್ಪ ಯೋಚಿಸಿ. ಪಕ್ಕದಲ್ಲಿ ಅಜ್ಜಿಯೋ ತಾತನೋ ಕೂತಿದ್ದರೆ ಅವರನ್ನೂ ಕೇಳಿ.

ಇದು ಕಟ್ಟುಕತೆಯಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಉದ್ಯಮಶೀಲತೆ ಕಲಿಸುವ ಟೀನಾ ಸೀಲಿಗ್ ಎಂಬ ಪ್ರಾಧ್ಯಾಪಕಿ ತಮ್ಮ ತರಗತಿಯ ಹದಿನಾಲ್ಕು ತಂಡಗಳಿಗೆ ನಿಜಕ್ಕೂ ಕೊಟ್ಟ ಪರೀಕ್ಷೆ. 2009ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಅವರೇ ಅದನ್ನು ಬರೆದಿದ್ದಾರೆ. ಈ ಪ್ರಶ್ನೆ ಕೇಳಿದರೆ ಹೆಚ್ಚಿನವರು ನಿಂಬೆ ಪಾನಕದ ಅಂಗಡಿ ಇಡುತ್ತೇವೆ, ಕಾರು ತೊಳೆಯುತ್ತೇವೆ ಎನ್ನುತ್ತಾರಂತೆ. ತುಸು ಧೈರ್ಯಸ್ಥರು ಲಾಟರಿ ಟಿಕೆಟ್ ಎನ್ನುತ್ತಾರೆ. ನೀವೂ ಪಾನಕವೆಂದೇ ಹೇಳಿದ್ದೀರಿ ಎಂದು ನನ್ನ ಊಹೆ. ರಾಮನವಮಿ ಆಚರಿಸುವ ನಾಡಿನವರು ಬೇರೆ ಏನು ಹೇಳಿಯಾರು?

ಒಂದು ತಂಡ ಲಕೋಟೆಯ ಹಣವನ್ನು ನೆಚ್ಚಿಕೊಳ್ಳಲಿಲ್ಲ. ಆ ಊರಿನಲ್ಲಿ ಶನಿವಾರ ರಾತ್ರಿ ದೊಡ್ಡ ಹೋಟೆಲುಗಳ ಮುಂದೆ ಉದ್ದನೆಯ ಸಾಲು ನಿಲ್ಲುತ್ತದೆ. ಇವರು ಮೊದಲೇ ಹಲವು ಹೋಟೆಲುಗಳಲ್ಲಿ ಮೇಜು ಕಾದಿರಿಸಿಕೊಂಡು, ಸಾಲಿನಲ್ಲಿ ಕಾದು ಸುಸ್ತಾದವರಿಗೆ ಆ ಜಾಗವನ್ನು ಇಪ್ಪತ್ತು ಡಾಲರ್‌ವರೆಗೂ ಮಾರಿದರು. ಇನ್ನೊಂದು ತಂಡ ವಿದ್ಯಾರ್ಥಿಗಳು ಓಡಾಡುವ ಜಾಗದಲ್ಲಿ ಕೂತು ಸೈಕಲ್ಲಿನ ಗಾಳಿ ಪರೀಕ್ಷೆ ಮಾಡಿತು. ಪರೀಕ್ಷೆ ಬಿಟ್ಟಿ, ಗಾಳಿ ಕಡಿಮೆಯಿದ್ದರೆ ತುಂಬಿಸಲು ಒಂದು ಡಾಲರ್. ಅರ್ಧ ಸಮಯ ಕಳೆದ ಮೇಲೆ ದರದ ಮಾತು ಬಿಟ್ಟು 'ನಿಮಗೆ ತೋಚಿದಷ್ಟು ಕೊಡಿ' ಎಂದರು. ಆಗ ಹಣ ಇನ್ನೂ ಹೆಚ್ಚು ಬಿತ್ತು! ನಮ್ಮ ಕಡೆ ಹರಿಕಥೆ ದಾಸರ ತಟ್ಟೆಗೆ ಈ ಗುಟ್ಟು ಬಹಳ ಹಿಂದಿನಿಂದ ಗೊತ್ತು.

ಗೆದ್ದ ತಂಡ ಮಾಡಿದ್ದೇ ಬೇರೆ. ಐದು ಡಾಲರೂ ದೊಡ್ಡದಲ್ಲ, ಎರಡು ಗಂಟೆಯೂ ದೊಡ್ಡದಲ್ಲ, ನಮ್ಮ ಕೈಯಲ್ಲಿರುವ ಬೆಲೆಬಾಳುವ ವಸ್ತು ಸೋಮವಾರದ ಆ ಮೂರು ನಿಮಿಷ ಎಂದು ಅವರು ಕಂಡುಕೊಂಡರು. ಸ್ಟ್ಯಾನ್‌ಫರ್ಡಿನ ವಿದ್ಯಾರ್ಥಿಗಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಬಯಸುತ್ತಿದ್ದ ಒಂದು ಕಂಪನಿಗೆ ಆ ಮೂರು ನಿಮಿಷವನ್ನು 650 ಡಾಲರಿಗೆ ಮಾರಿಬಿಟ್ಟರು. ತಮ್ಮ ಸರದಿ ಬಂದಾಗ ಆ ಕಂಪನಿಯ ಜಾಹೀರಾತು ತೋರಿಸಿ ಬಂದು ಕೂತರು.

ನಾನು ಬಿ.ಕಾಂ. ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ನಿವೃತ್ತನಾದವನು. ಲೆಡ್ಜರಿನ ಎಡಗಡೆ ಬಲಗಡೆ ತಾಳೆ ಹಾಕುವುದರಲ್ಲೇ ಆಯುಷ್ಯ ಕಳೆದವನು. ಆ ಐದು ಡಾಲರನ್ನು ಯಾವ ಕಾಲಂನಲ್ಲಿ ಬರೆಯಬೇಕೆಂದು ನನಗೆ ಚೆನ್ನಾಗಿ ಗೊತ್ತು. ಆ ಮೂರು ನಿಮಿಷ ಬರೆಯಲು ನಮ್ಮ ಲೆಡ್ಜರಿನಲ್ಲಿ ಕಾಲಂ ಇರಲಿಲ್ಲ.

ಈ ಕತೆಯನ್ನು ನನಗೆ ಹೇಳಿದವಳು ನನ್ನ ಮೊಮ್ಮಗಳು. ಎಂಜಿನಿಯರಿಂಗ್ ಮೂರನೇ ವರ್ಷದ ರಜೆಯಲ್ಲಿ ಅವಳು ಲಂಡನ್ನಿನ ಒಂದು ವಿಶ್ವವಿದ್ಯಾಲಯದ ಬೇಸಿಗೆ ಶಾಲೆಗೆ ಹೋಗಿ ಮೂರು ವಾರ ಉದ್ಯಮಶೀಲತೆ ಓದಿ ಬಂದಳು. ನಮ್ಮಲ್ಲಿ ಬೇಸಿಗೆ ಶಿಬಿರವೆಂದರೆ ಮಕ್ಕಳು ಚಿತ್ರ ಬರೆದು, ಈಜು ಕಲಿತು ಬರುವ ಶಿಬಿರ. ಅಲ್ಲಿ ಹಾಗಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ವಿಶ್ವವಿದ್ಯಾಲಯಕ್ಕೆ ರಜೆ. ತರಗತಿ ಕೋಣೆ, ಗ್ರಂಥಾಲಯ, ಹಾಸ್ಟೆಲ್ ಎಲ್ಲ ಖಾಲಿ ಬಿದ್ದಿರುತ್ತವೆ. ಆಗ ಹೊರಗಿನ ವಿದ್ಯಾರ್ಥಿಗಳನ್ನು ಕರೆದು, ಒಂದೇ ವಿಷಯವನ್ನು ಕೆಲವು ವಾರಗಳಲ್ಲಿ ಗಟ್ಟಿಯಾಗಿ ಕಲಿಸಿ, ಪರೀಕ್ಷೆಯನ್ನೂ ಮಾಡಿ ಕಳಿಸುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯ 1871ರಷ್ಟು ಹಿಂದೆಯೇ ಬೇಸಿಗೆ ಶಾಲೆ ಶುರುಮಾಡಿತ್ತು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನದು 1989ರಿಂದ ನಡೆಯುತ್ತಿದೆ. ಖಾಲಿ ಕಟ್ಟಡದಿಂದ ಆದಾಯ ತೆಗೆಯುವ ಈ ಉಪಾಯವೇ ಒಂದು ಒಳ್ಳೆಯ ಉದ್ಯಮ ಎಂದು ನನಗನಿಸುತ್ತದೆ. ಶುಲ್ಕ, ವಸತಿ, ವಿಮಾನ ಎಲ್ಲ ಸೇರಿದರೆ ಒಂದು ಸಣ್ಣ ಕಾರಿನ ಬೆಲೆ. ಅವಳಿಗೆ ಅರ್ಧ ಶುಲ್ಕದ ವಿನಾಯಿತಿ ಸಿಕ್ಕಿತ್ತು, ಉಳಿದದ್ದನ್ನು ನನ್ನ ಮಗ ಹೊಂದಿಸಿದ.

'ವ್ಯಾಪಾರ ಮಾಡುವುದನ್ನು ಕಾಲೇಜಿನಲ್ಲಿ ಕಲಿಸಕ್ಕಾಗತ್ತಾ?' ಎಂದು ನನ್ನ ಹೆಂಡತಿ ಕೇಳಿದಳು. ಸಂತೆಯಲ್ಲಿ ಸೊಪ್ಪು ಮಾರುವವಳು ಯಾವ ಕಾಲೇಜಿಗೆ ಹೋಗಿದ್ದಾಳೆ ಎನ್ನುವುದು ಅವಳ ವಾದ. ನ್ಯಾಯವಾದ ಪ್ರಶ್ನೆಯೇ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೈಲ್ಸ್ ಮೇಸ್ ಎಂಬವರು ಹೊಸ ಉದ್ದಿಮೆ ಕಟ್ಟುವುದನ್ನೇ ಒಂದು ವಿಷಯವಾಗಿ ಪಾಠ ಮಾಡಲು ಆರಂಭಿಸಿದ್ದು 1947ರಲ್ಲಿ. ಎರಡನೇ ಮಹಾಯುದ್ಧ ಆಗತಾನೇ ಮುಗಿದಿತ್ತು. ಮೊದಲ ತಂಡಕ್ಕೆ 188 ಮಂದಿ ಸೇರಿದರು. ಅದಕ್ಕೂ ಇನ್ನೂರು ವರ್ಷ ಹಿಂದೆ ರಿಚರ್ಡ್ ಕ್ಯಾಂಟಿಲನ್ ಎಂಬ ಅರ್ಥಶಾಸ್ತ್ರಜ್ಞ ಉದ್ಯಮಿಗೆ ಕೊಟ್ಟ ಲಕ್ಷಣ ಸೊಪ್ಪಿನವಳಿಗೂ ಸರಿಯಾಗಿ ಹೊಂದುತ್ತದೆ: ಗೊತ್ತಿರುವ ಬೆಲೆಗೆ ಕೊಳ್ಳುವವನು, ಗೊತ್ತಿಲ್ಲದ ಬೆಲೆಗೆ ಮಾರುವವನು. ಬೆಳಿಗ್ಗೆ ಕಟ್ಟಿಗೆ ಇಷ್ಟು ಎಂದು ಕೊಟ್ಟು ತಂದಿದ್ದಾಳೆ, ಸಂಜೆ ಮಳೆ ಬಂದರೆ ಅರ್ಧ ಬೆಲೆಗೂ ಹೋಗುವುದಿಲ್ಲ. ನಾವು ಸಂಬಳದವರು ತಿಂಗಳ ಕೊನೆಗೆ ಎಷ್ಟು ಬರುತ್ತದೆಂದು ತಿಂಗಳ ಮೊದಲೇ ತಿಳಿದಿದ್ದವರು. ಸೊಪ್ಪಿನವಳಿಗೂ ನಮಗೂ ಇರುವ ವ್ಯತ್ಯಾಸ ಅಷ್ಟೇ, ಅದು ಸಣ್ಣ ವ್ಯತ್ಯಾಸವೂ ಅಲ್ಲ.

ಬೇಸಿಗೆ ಶಾಲೆಯ ಮೊದಲ ದಿನ ಪಾಠವೇ ಇರಲಿಲ್ಲವಂತೆ. ಆಟ. ಒಂದೊಂದು ಗುಂಪಿಗೆ ಇಪ್ಪತ್ತು ಸ್ಪಗೆಟಿ ಕಡ್ಡಿ, ಅಂದರೆ ಬೇಯಿಸದ ಉದ್ದ ಶಾವಿಗೆ, ಒಂದು ಗಜ ಅಂಟುಪಟ್ಟಿ, ಒಂದು ಗಜ ದಾರ ಮತ್ತು ಮಾರ್ಷ್‌ಮ್ಯಾಲೋ ಎಂಬ ಒಂದು ಮೆತ್ತನೆಯ ಮಿಠಾಯಿ. ಹದಿನೆಂಟು ನಿಮಿಷದಲ್ಲಿ ಗೋಪುರ ಕಟ್ಟಬೇಕು, ಮಿಠಾಯಿ ಅದರ ತುದಿಯಲ್ಲಿರಬೇಕು. ಪೀಟರ್ ಸ್ಕಿಲ್‌ಮನ್ ಎಂಬವರು ರೂಪಿಸಿದ ಈ ಆಟವನ್ನು ಟಾಮ್ ವುಜೆಕ್ ಎಂಬವರು ಅನೇಕ ಕಡೆ ಬಗೆಬಗೆಯ ಜನರಿಂದ ಆಡಿಸಿ ನೋಡಿದ್ದಾರೆ. ಬಿಸಿನೆಸ್ ಸ್ಕೂಲಿನಿಂದ ಆಗತಾನೇ ಹೊರಬಂದವರಿಗಿಂತ ಶಿಶುವಿಹಾರದ ಮಕ್ಕಳು ಎತ್ತರದ ಗೋಪುರ ಕಟ್ಟುತ್ತಾರಂತೆ!

ಯಾಕೆ ಗೊತ್ತೇ? ದೊಡ್ಡವರು ಮೊದಲು ಚರ್ಚಿಸುತ್ತಾರೆ, ನಕ್ಷೆ ಬರೆಯುತ್ತಾರೆ, ಗೋಪುರ ಎಬ್ಬಿಸುತ್ತಾರೆ, ಕೊನೆಯ ನಿಮಿಷದಲ್ಲಿ ಮಿಠಾಯಿ ಇಡುತ್ತಾರೆ. ಅದರ ಭಾರಕ್ಕೆ ಎಲ್ಲವೂ ಕುಸಿಯುತ್ತದೆ. ಮಕ್ಕಳು ಮಿಠಾಯಿಯಿಂದಲೇ ಶುರುಮಾಡುತ್ತಾರೆ. ಕಡ್ಡಿ ಚುಚ್ಚುತ್ತಾರೆ, ಬೀಳುತ್ತದೆ, ಇನ್ನೊಂದು ಚುಚ್ಚುತ್ತಾರೆ. ದೊಡ್ಡವರಿಗೆ ಒಂದೇ ಸಲ ಬೀಳುವ ಅವಕಾಶ, ಮಕ್ಕಳಿಗೆ ಐದಾರು ಸಲ.

ನಾವೂ ಆಡಿ ನೋಡಿದೆವು. ಮಿಠಾಯಿಯ ಬದಲು ಒಂದು ಸಣ್ಣ ಮಂಡಕ್ಕಿ ಉಂಡೆ. ಒಂದು ಕಡೆ ಬೀದಿಯ ನಾಲ್ಕು ಪುಟಾಣಿಗಳು, ಇನ್ನೊಂದು ಕಡೆ ಬೆಳಗಿನ ವಾಕಿಂಗಿನ ನಾವು ನಾಲ್ವರು ಪಿಂಚಣಿದಾರರು. ನಮ್ಮ ತಂಡದಲ್ಲಿ ಎಂಟು ನಿಮಿಷ ಹೋದದ್ದು ಯಾರು ಮುಂದಾಳು ಎಂದು ತೀರ್ಮಾನಿಸುವುದರಲ್ಲಿ. ಮಕ್ಕಳ ಗೋಪುರ ಸೊಂಟ ಬಗ್ಗಿಸಿಕೊಂಡು ನಿಂತಿತ್ತು, ಆದರೂ ನಿಂತಿತ್ತು. ನಮ್ಮದರ ವಿಷಯ ಬೇಡ. ಉಂಡೆಯನ್ನು ಆಮೇಲೆ ಹಂಚಿಕೊಂಡು ತಿಂದೆವು. ನೀವೂ ಮನೆಯಲ್ಲಿ ಆಡಿ, ಸ್ಪಗೆಟಿ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ.

ಎರಡನೇ ವಾರ ಅವರನ್ನು ತರಗತಿಯಿಂದಲೇ ಹೊರಗೆ ಅಟ್ಟಿದರು. ಸ್ಟೀವ್ ಬ್ಲ್ಯಾಂಕ್ ಎಂಬವರು ಹಲವು ಕಂಪನಿಗಳಲ್ಲಿ ದುಡಿದು, ನಿವೃತ್ತರಾಗಿ, ಬರ್ಕ್ಲಿ ಮತ್ತು ಸ್ಟ್ಯಾನ್‌ಫರ್ಡ್‌ಗಳಲ್ಲಿ ಮೇಷ್ಟರಾದವರು. ಗಿರಾಕಿಗೆ ಏನು ಬೇಕೆಂಬುದು ಕಟ್ಟಡದೊಳಗೆ ಕೂತವರಿಗೆ ತಿಳಿಯುವುದಿಲ್ಲ, ಹೊರಗೆ ಹೋಗಿ ಕೇಳಿ ಎಂಬುದು ಅವರ ಪಾಠದ ತಿರುಳು. ಈಗ ಉದ್ಯಮಶೀಲತೆ ಕಲಿಸುವ ಕಡೆಯಲ್ಲೆಲ್ಲ ಈ ಮಾತು ಚಾಲ್ತಿಯಲ್ಲಿದೆ. ನನ್ನ ಮೊಮ್ಮಗಳ ತಂಡದಲ್ಲಿ ಐದು ದೇಶದ ಐವರಿದ್ದರು. ಲಂಡನ್ ಎಂದರೆ ಮಳೆ, ಆದ್ದರಿಂದ ರೈಲು ನಿಲ್ದಾಣಗಳಲ್ಲಿ ಬಾಡಿಗೆಗೆ ಛತ್ರಿ ಕೊಡೋಣ ಎಂದು ಅವರ ಯೋಜನೆ. ಚೆಂದದ ಚಿತ್ರ, ಲೆಕ್ಕ ಎಲ್ಲ ತಯಾರಾಗಿತ್ತು. ಹೊರಗೆ ಹೋಗಿ ನಲವತ್ತು ಜನರನ್ನು ಕೇಳಿದರು. ಅಲ್ಲಿಯವರು ಜಿಟಿಜಿಟಿ ಮಳೆಯನ್ನು ಮಳೆ ಎಂದೇ ಎಣಿಸುವುದಿಲ್ಲವಂತೆ! ಒಬ್ಬ ವಯಸ್ಸಾದ ಹೆಂಗಸು, 'ಛತ್ರಿ ಬೇಡಮ್ಮ, ಇಲ್ಲಿಂದ ಮನೆಗೆ ನಡೆಯುವಾಗ ಕೂರುವುದಕ್ಕೆ ಎಲ್ಲಾದರೂ ಒಂದು ಬೆಂಚಿದೆಯಾ ಹೇಳು' ಎಂದರಂತೆ.

ತಂಡ ಛತ್ರಿಯನ್ನು ಕೈಬಿಟ್ಟಿತು. ವಯಸ್ಸಾದವರಿಗಾಗಿ ಬೆಂಚು, ಶೌಚಾಲಯ, ಮೆಟ್ಟಿಲಿಲ್ಲದ ದಾರಿ ಎಲ್ಲೆಲ್ಲಿದೆ ಎಂದು ತೋರಿಸುವ ನಕ್ಷೆ ಮಾಡಿತು. ಬಹುಮಾನ ಬರಲಿಲ್ಲ. ನನ್ನನ್ನು ಕೇಳಿದ್ದರೆ ಮೊದಲ ಬಹುಮಾನ ಅದಕ್ಕೇ. ಎಪ್ಪತ್ತು ದಾಟಿದವರು ಊರಿನ ಯಾವ ಕೆಲಸಕ್ಕೆ ಹೊರಟರೂ ಮೊದಲು ಯೋಚಿಸುವುದು ಈ ಎರಡನ್ನೇ, ಕೂರುವುದೆಲ್ಲಿ, ಶೌಚಾಲಯವೆಲ್ಲಿ.

ಅವಳು ತಂದ ಕಾಗದಗಳಲ್ಲಿ ಒಂಬತ್ತು ಚೌಕದ ಒಂದು ಹಾಳೆಯಿತ್ತು. ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ಮತ್ತು ಈವ್ ಪಿನ್ಯೂರ್ ಎಂಬವರು 2010ರ ತಮ್ಮ ಪುಸ್ತಕದಿಂದ ಜಗತ್ತಿಗೆಲ್ಲ ಹರಡಿದ ಹಾಳೆ. ಅದಕ್ಕೆ ಕ್ಯಾನ್ವಾಸ್ ಎನ್ನುತ್ತಾರೆ. ಗಿರಾಕಿ ಯಾರು, ಅವರಿಗೆ ನಮ್ಮಿಂದ ಏನು ಉಪಕಾರ, ಅವರಿಗೆ ಹೇಗೆ ತಲುಪಿಸುತ್ತೇವೆ, ಯಾರ ಸಹಾಯ ಬೇಕು, ಖರ್ಚೆಷ್ಟು, ಹುಟ್ಟುವಳಿ ಎಲ್ಲಿಂದ ಎಂದೆಲ್ಲ ಒಂದೇ ಪುಟದಲ್ಲಿ ತುಂಬಬೇಕು. ನೋಡಿದ ಕೂಡಲೇ ನಮ್ಮ ಬ್ಯಾಂಕಿನ ಸಾಲದ ಅರ್ಜಿ ನೆನಪಾಯಿತು. ಅದರ ಜೊತೆಗಿರುತ್ತಿದ್ದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಯಂತ್ರದ ಬೆಲೆ ಪೈಸೆ ಸಮೇತ ಇರುತ್ತಿತ್ತು. ಜಾಮೀನುದಾರರ ವಿವರಕ್ಕೆ ಎರಡು ಪುಟ. ಗಿರಾಕಿಯ ಬಗ್ಗೆ ಒಂದೇ ಸಾಲು: 'ಮಾರುಕಟ್ಟೆಯಲ್ಲಿ ಬೇಡಿಕೆ ಚೆನ್ನಾಗಿದೆ.' ಹಪ್ಪಳದವರೂ, ಹಾಲೋ ಬ್ಲಾಕಿನವರೂ, ಕೋಳಿ ಸಾಕುವವರೂ ಅಕ್ಷರ ಬದಲಿಸದೆ ಇದನ್ನೇ ಬರೆಯುತ್ತಿದ್ದರು. ಒಬ್ಬರಿಂದ ಒಬ್ಬರು ನಕಲು ಮಾಡುತ್ತಿದ್ದರೋ ಏನೋ.

ಇವೆಲ್ಲಕ್ಕಿಂತ ನನ್ನ ಮನಸ್ಸಿಗೆ ಹಿಡಿಸಿದ್ದು ಸರಸ್ ಸರಸ್ವತಿ ಎಂಬವರ ವಿಚಾರ. ಭಾರತ ಮೂಲದ ಈ ವಿದುಷಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕಿ. ನೊಬೆಲ್ ಪುರಸ್ಕೃತ ಹರ್ಬರ್ಟ್ ಸೈಮನ್ ಅವರ ಶಿಷ್ಯೆ. ನುರಿತ 27 ಉದ್ಯಮಿಗಳ ಮುಂದೆ ಒಂದು ಕಾಲ್ಪನಿಕ ವ್ಯಾಪಾರದ ಸಮಸ್ಯೆಗಳನ್ನಿಟ್ಟು, ಅವರು ಯೋಚಿಸುವುದನ್ನೆಲ್ಲ ಬಾಯಿಬಿಟ್ಟು ಹೇಳಿಸಿ, ಅದನ್ನು ದಾಖಲಿಸಿಕೊಂಡು ಅಧ್ಯಯನ ಮಾಡಿದರು. ಅವರು ಕೊಡುವ ಹೋಲಿಕೆ ಅಡುಗೆಯದು. ಒಬ್ಬ ಅಡುಗೆಯವನು ಮೊದಲು ಏನು ಮಾಡಬೇಕೆಂದು ಪಟ್ಟಿ ಬರೆದು, ಸಾಮಾನು ತಂದು, ಮಾಡುತ್ತಾನೆ. ಇನ್ನೊಬ್ಬ ಮನೆಯ ಕಪಾಟು ತೆರೆದು ಏನಿದೆಯೆಂದು ನೋಡಿ, ಇದ್ದದ್ದರಲ್ಲಿ ಏನಾಗುತ್ತದೋ ಅದನ್ನು ಮಾಡುತ್ತಾನೆ. ನುರಿತ ಉದ್ಯಮಿಗಳು ಯೋಚಿಸುವುದು ಈ ಎರಡನೆಯವನ ಹಾಗೆ ಎಂದು ಅವರು ಕಂಡುಕೊಂಡರು.

ಇದನ್ನು ಕೇಳಿ ನನ್ನ ಹೆಂಡತಿ ನಕ್ಕಳು. ರಾತ್ರಿ ಎಂಟಕ್ಕೆ ಹೇಳದೆ ಕೇಳದೆ ನಾಲ್ವರು ನೆಂಟರು ಬಂದಾಗ ಹಾಗಲ್ಲದೆ ಇನ್ನು ಹೇಗೆ ಅಡುಗೆ ಮಾಡುವುದು ಎಂದಳು.

ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಉಡುಪಿಯಲ್ಲಿ 1925ರಲ್ಲಿ ವ್ಯಾಪಾರಿ ಉಪೇಂದ್ರ ಅನಂತ ಪೈ, ಎಂಜಿನಿಯರ್ ವಾಮನ ಕುಡ್ವ, ವೈದ್ಯ ಟಿ.ಎಂ.ಎ. ಪೈ ಸೇರಿ ಒಂದು ಬ್ಯಾಂಕು ಕಟ್ಟಿದರು. ಬಂಡವಾಳ ಎಂಟು ಸಾವಿರ ರೂಪಾಯಿ. ಆಗ ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದರು, ಅವರಿಗೆ ನೆರವಾಗುವುದು ಉದ್ದೇಶ. 1928ರಲ್ಲಿ ಅವರಿಗೆ ಇನ್ನೊಂದು ಹೊಳೆಯಿತು. ಬಡವರ ಹತ್ತಿರ ಉಳಿಸಲು ದೊಡ್ಡ ಮೊತ್ತವಿಲ್ಲ, ಬ್ಯಾಂಕಿಗೆ ಬರಲು ಪುರುಸೊತ್ತಿಲ್ಲ. ಹಾಗಾದರೆ ಬ್ಯಾಂಕೇ ಅವರ ಬಾಗಿಲಿಗೆ ಹೋಗಲಿ, ದಿನಕ್ಕೆ ಎರಡಾಣೆ ಸಾಕು. ಅದೇ ಪಿಗ್ಮಿ ಠೇವಣಿ. ಆ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ ಬೆಳೆದು, 2020ರಲ್ಲಿ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಯಿತು. ಪಿಗ್ಮಿ ಕಲೆಕ್ಟರ್ ಸಂಜೆ ಹೊತ್ತಿಗೆ ಚೀಲದ ತುಂಬ ಚಿಲ್ಲರೆ ಸುರಿದಾಗ ಕ್ಯಾಷ್ ಕೌಂಟರಿನಲ್ಲಿದ್ದವರು ಗೊಣಗುತ್ತಿದ್ದುದು ನಿಜ. ಆದರೆ ಎಷ್ಟೋ ಹೂವಿನವರ, ಇಸ್ತ್ರಿಯವರ ಮಕ್ಕಳ ಮದುವೆ ಆ ಚಿಲ್ಲರೆಯಲ್ಲೇ ಆಗಿದೆ. ತಾತಂದಿರೇ, ನಿಮ್ಮ ಕಾಲದ ಪಿಗ್ಮಿ ಪಾಸ್‌ಬುಕ್ಕು ಟ್ರಂಕಿನಲ್ಲಿದ್ದರೆ ಮೊಮ್ಮಕ್ಕಳಿಗೆ ತೋರಿಸಿ.

ಸರಸ್ವತಿಯವರ ಇನ್ನೊಂದು ಮಾತಿಗೆ ಬರುತ್ತೇನೆ. ನಮ್ಮ ಮನೆಯಲ್ಲಿ ದೊಡ್ಡ ಗಲಾಟೆಯಾದದ್ದೂ, ಅದು ತಣ್ಣಗಾದದ್ದೂ ಅದರಿಂದಲೇ. ಹೊಸ ಕೆಲಸಕ್ಕೆ ಕೈಹಾಕುವಾಗ ಅನುಭವಿಗಳು ಎಷ್ಟು ಲಾಭ ಬರಬಹುದು ಎಂದು ಮೊದಲು ಕೇಳಿಕೊಳ್ಳುವುದಿಲ್ಲವಂತೆ. ಎಷ್ಟು ಹೋದರೆ ತಡೆದುಕೊಂಡೇನು ಎಂದು ಕೇಳಿಕೊಳ್ಳುತ್ತಾರಂತೆ. ತಾಳಬಲ್ಲ ನಷ್ಟ ಎನ್ನಬಹುದು.

ಈ ವರ್ಷ ಮೊಮ್ಮಗಳ ಓದು ಮುಗಿಯಿತು. ಕೈಯಲ್ಲಿ ಒಂದು ಕಂಪನಿಯ ಆಫರ್ ಲೆಟರ್ ಇತ್ತು. ಕಂಪನಿಯವರೇ ಸೇರುವ ದಿನವನ್ನು ಆರು ತಿಂಗಳು ಮುಂದೂಡಿದರು. ಈ ಆರು ತಿಂಗಳು ನಾನು ಹುರಿಹಿಟ್ಟಿನ ವ್ಯಾಪಾರ ಮಾಡುತ್ತೇನೆ, ನಡೆದರೆ ಕೆಲಸಕ್ಕೆ ಹೋಗುವುದಿಲ್ಲ ಎಂದಳು. ಗೊತ್ತಿಲ್ಲದವರಿಗೆ ಹೇಳಬೇಕೆಂದರೆ, ಹುರಿಹಿಟ್ಟು ಎಂದರೆ ರಾಗಿಯನ್ನು ಅರಳಿಸಿ ಬೀಸಿದ ಹಿಟ್ಟು. ಬೆಲ್ಲ, ಹಾಲು, ತುಪ್ಪ ಹಾಕಿ ಕಲಸಿದರೆ ಆಯಿತು. ತುಮಕೂರು ಕಡೆಯ ನಾವು ಅದನ್ನು ತಿಂದೇ ಬೆಳೆದವರು.

ಅವಳಮ್ಮ ಅತ್ತಳು. ನನ್ನ ಮಗ ಎರಡು ದಿನ ಮಾತಾಡಲಿಲ್ಲ. ಎಂಜಿನಿಯರಿಂಗ್ ಓದಿ ಹಿಟ್ಟು ಮಾರುವುದಾ ಎನ್ನುವ ಮಾತು ಹೊರಗೆ ಬರದಿದ್ದರೂ ಮನೆಯ ತುಂಬ ಓಡಾಡುತ್ತಿತ್ತು. ನನಗಿದ್ದ ಭಯ ಬೇರೆಯದು. ಬ್ಯಾಂಕಿನಲ್ಲಿ ಕೆಲವು ವರ್ಷ ನಾನು ಚಿನ್ನದ ಸಾಲದ ವಿಭಾಗದಲ್ಲಿದ್ದೆ. ಅಂಗಡಿ ಇಡುತ್ತೇನೆಂದು ಹೆಂಡತಿಯ ಬಳೆ ತಂದಿಟ್ಟವರ ಹೆಸರಿಗೆ, ಕಂತು ಸುಸ್ತಿಯಾದ ಮೇಲೆ, ಹರಾಜಿನ ನೋಟಿಸು ಟೈಪು ಮಾಡಿದವನು ನಾನೇ. ಒಬ್ಬ ಹೆಣ್ಣುಮಗಳು ಹರಾಜಿನ ಹಿಂದಿನ ದಿನ ಬಂದು, ಬಿಡಿಸಿಕೊಳ್ಳಲು ದುಡ್ಡಿಲ್ಲ ಸ್ವಾಮಿ, ಒಂದು ಸಲ ನೋಡಿಕೊಂಡು ಹೋಗುತ್ತೇನೆ ಎಂದಿದ್ದಳು. ಮ್ಯಾನೇಜರರು ಒಪ್ಪಿದರು. ಚೀಲ ಬಿಚ್ಚಿ ತೋರಿಸಿದೆವು. ಅವಳ ಗಂಡ ಸೋಮಾರಿಯಲ್ಲ, ಮೋಸಗಾರನೂ ಅಲ್ಲ. ಎಷ್ಟು ಬರಬಹುದೆಂದು ಲೆಕ್ಕ ಹಾಕಿದ್ದ, ಅಷ್ಟೇ. ನಮ್ಮ ಅರ್ಜಿ ಕೇಳಿದ್ದೂ ಅದನ್ನೇ.

ಮೂರನೇ ದಿನ ಊಟದ ಮೇಜಿನ ಮೇಲೆ ಮೊಮ್ಮಗಳು ಒಂದು ಹಾಳೆ ಇಟ್ಟಳು. 'ತಾತ, ನೀವೇ ಆಡಿಟ್ ಮಾಡಿ' ಎಂದಳು. ಮೇಲೆ ಬರೆದಿತ್ತು: ಕಳೆದುಕೊಳ್ಳಬಹುದಾದದ್ದು. ಅರವತ್ತು ಸಾವಿರ ರೂಪಾಯಿ, ಅದರಲ್ಲಿ ನಲವತ್ತು ಅವಳು ಇಂಟರ್ನ್‌ಶಿಪ್‌ನಲ್ಲಿ ಗಳಿಸಿದ್ದು, ಇಪ್ಪತ್ತು ಅಜ್ಜಿ ಕೊಡಲು ಒಪ್ಪಿದ್ದು. ಆರು ತಿಂಗಳ ಸಮಯ. ನೆಂಟರ ಮದುವೆಗಳಲ್ಲಿ ಕೇಳಬೇಕಾಗಿ ಬರುವ ಮಾತು. ಅದನ್ನೂ ಬರೆದಿದ್ದಳು! ಕೆಳಗೆ ಗೆರೆ ಎಳೆದು ಬರೆದಿತ್ತು: ಮುಟ್ಟಬಾರದ್ದು. ಮನೆಯ ಪತ್ರ, ಅಪ್ಪನ ಪಿ.ಎಫ್., ಅಜ್ಜಿಯ ಬಳೆ, ಕ್ರೆಡಿಟ್ ಕಾರ್ಡು, ಆಫರ್ ಲೆಟರ್.

ನಾನು ಹಸಿರು ಇಂಕಿನಲ್ಲಿ ಟಿಕ್ ಹಾಕಿ ಸಹಿ ಮಾಡಿದೆ. ಮಗನೂ ಓದಿದ. ಇನ್ನೊಂದು ಸಾಲು ಸೇರಿಸು ಎಂದು, ಮುಟ್ಟಬಾರದ್ದರ ಪಟ್ಟಿಯಲ್ಲಿ 'ಆರೋಗ್ಯ' ಎಂದು ತಾನೇ ಬರೆದ. ಮನೆಯಲ್ಲಿ ಅಂದಿನಿಂದ ಮಾತು ಶುರುವಾಯಿತು.

ಈ ಎಚ್ಚರ ಹೊಸದಲ್ಲ. ಹಾರ್ವರ್ಡಿನ ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ ಮಕ್ಕಳ ಆಟವೊಂದನ್ನು ಇದಕ್ಕೆ ಬಳಸುತ್ತಿದ್ದರು. ನೆಲದಲ್ಲಿ ಒಂದು ಗೂಟ, ಕೈಯಲ್ಲಿ ಬಳೆಯಂಥ ಉಂಗುರ. ಎಷ್ಟು ದೂರ ನಿಂತು ಎಸೆಯಬೇಕೆಂಬುದು ಆಡುವವರ ಇಷ್ಟ. ಕೆಲವರು ಗೂಟಕ್ಕೆ ಅಂಟಿಕೊಂಡೇ ನಿಂತು ಹಾಕುತ್ತಾರೆ. ಕೆಲವರು ಹತ್ತಾರು ಅಡಿ ಆಚೆಯಿಂದ ಕಣ್ಣುಮುಚ್ಚಿ ಎಸೆಯುತ್ತಾರೆ, ಬಿದ್ದರೆ ಅದೃಷ್ಟ. ಸಾಧಿಸಬೇಕೆಂಬ ಹಂಬಲ ಗಟ್ಟಿಯಿರುವವರು ನಡುವಣ ದೂರ ಆರಿಸಿಕೊಳ್ಳುತ್ತಾರೆ, ಕಷ್ಟವಾಗಬೇಕು ಆದರೆ ಅಸಾಧ್ಯವಾಗಬಾರದು. ಈ ಹಂಬಲವನ್ನು ತರಬೇತಿಯಿಂದ ಬೆಳೆಸಲು ಸಾಧ್ಯವೇ ಎಂದು ಪರೀಕ್ಷಿಸಲು ಮೆಕ್ಲೆಲೆಂಡ್ ಅವರು 1964ರಲ್ಲಿ ಆಂಧ್ರದ ಕಾಕಿನಾಡಕ್ಕೆ ಬಂದರು. ಅಲ್ಲಿಯ ಸಣ್ಣ ವ್ಯಾಪಾರಿಗಳನ್ನು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಗೆ ಕರೆಸಿ ಕೆಲವು ದಿನ ಕಲಿಸಿದರು. ತರಬೇತಿ ಪಡೆದವರು ಪಡೆಯದವರಿಗಿಂತ ಆಮೇಲೆ ಹೆಚ್ಚು ಚುರುಕಾಗಿ ವ್ಯಾಪಾರ ಬೆಳೆಸಿದರೆಂದು 1969ರಲ್ಲಿ ಪುಸ್ತಕ ಬರೆದರು. ಆ ಉಂಗುರದ ಆಟವನ್ನು ನಮ್ಮ ದೇಶದ ಉದ್ಯಮ ತರಬೇತಿಗಳಲ್ಲಿ ಇವತ್ತಿಗೂ ಆಡಿಸುತ್ತಾರೆ.

ಆ ಮಾತು ಬಂದದ್ದರಿಂದ ಹೇಳುತ್ತೇನೆ, ಕಾರಿನ ಬೆಲೆ ಕೊಟ್ಟು ಲಂಡನ್ನಿಗೆ ಹೋಗಲಾಗದವರು ಬೇಸರಪಡಬೇಕಿಲ್ಲ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ ರುಡ್‌ಸೆಟ್ ಸಂಸ್ಥೆ ಆರಂಭಿಸಿದರು. ಹಳ್ಳಿಯ ನಿರುದ್ಯೋಗಿ ಯುವಕ ಯುವತಿಯರಿಗೆ ಊಟ ವಸತಿ ಸಮೇತ ಉಚಿತ ತರಬೇತಿ. ಹೊಲಿಗೆ, ಮೋಟಾರ್ ರಿಪೇರಿ, ಹೈನುಗಾರಿಕೆ ಮುಂತಾದ ಕೆಲಸದ ಜೊತೆಗೆ ಲೆಕ್ಕ ಇಡುವುದು, ಗಿರಾಕಿಯೊಡನೆ ಮಾತಾಡುವುದು, ಬ್ಯಾಂಕಿಗೆ ಹೋಗುವುದು ಎಲ್ಲವನ್ನೂ ಕಲಿಸುತ್ತಾರೆ. ಆಮೇಲೂ ಬಿಟ್ಟುಬಿಡದೆ ಹೇಗಿದ್ದೀಯ ಎಂದು ವಿಚಾರಿಸುತ್ತಾರೆ. ಈ ಮಾದರಿ ನೋಡಿ ಕೇಂದ್ರ ಸರ್ಕಾರ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಆರ್‌ಸೆಟಿ ಎಂಬ ಹೆಸರಿನಲ್ಲಿ ಇಂಥವೇ ಸಂಸ್ಥೆಗಳನ್ನು ತೆರೆಸಿತು. ನಿಮ್ಮ ಜಿಲ್ಲೆಯ ಲೀಡ್ ಬ್ಯಾಂಕಿನಲ್ಲಿ ಕೇಳಿದರೆ ವಿಳಾಸ ಕೊಡುತ್ತಾರೆ. ನಮ್ಮ ಬೀದಿಯಲ್ಲಿ ಬ್ಲೌಸ್ ಹೊಲಿಯುವ ಹುಡುಗಿ ಅಲ್ಲಿ ಕಲಿತವಳು. ಹಬ್ಬದ ಸಮಯದಲ್ಲಿ ಅವಳ ಹತ್ತಿರ ಬಟ್ಟೆ ಕೊಟ್ಟು ವಾಪಸು ಪಡೆಯಲು ನನ್ನ ಸೊಸೆಗೆ ಮೂರು ವಾರ ಕಾಯಬೇಕು.

ಹಾಗಾದರೆ ಲಂಡನ್ನಿಗೆ ಹೋದದ್ದು ದಂಡವೇ ಎಂದು ಮೊಮ್ಮಗಳನ್ನೇ ಕೇಳಿದೆ. ಸ್ವಲ್ಪ ಯೋಚಿಸಿ ಹೇಳಿದಳು: 'ಪಾಠ ಎಲ್ಲಾ ಪುಸ್ತಕದಲ್ಲಿದೆ ತಾತ. ಆದರೆ ಐದು ದೇಶದೋರು ಒಂದು ಮೇಜಿನ ಸುತ್ತ ಕೂತು, ನನ್ನ ಐಡಿಯಾ ಚೆನ್ನಾಗಿಲ್ಲ ಅಂತ ಮುಖಕ್ಕೇ ಹೇಳಿದ್ರಲ್ಲ, ಅದು ಪುಸ್ತಕದಲ್ಲಿ ಸಿಗಲ್ಲ. ಮನೇಲಿ ಎಲ್ಲರೂ ಚೆನ್ನಾಗಿದೆ ಅಂತಲೇ ಹೇಳ್ತೀರಿ.' ಹಣ ಕಟ್ಟುವ ಮೊದಲು ತಂದೆತಾಯಿ ವಿಚಾರಿಸಬೇಕಾದದ್ದು ಅದನ್ನೇ ಎಂದು ನನಗನಿಸುತ್ತದೆ. ಕಟ್ಟಡದ ಫೋಟೋ, ಸರ್ಟಿಫಿಕೇಟಿನ ಮುದ್ರೆ ನೋಡಿ ಮರುಳಾಗಬೇಡಿ. ಎಷ್ಟು ಹೊತ್ತು ತರಗತಿಯ ಹೊರಗೆ ಕಳಿಸುತ್ತಾರೆ, ಮಕ್ಕಳು ಮಾಡಿದ ಕೆಲಸವನ್ನು ಓದಿ ತಪ್ಪು ತೋರಿಸುವವರು ಯಾರು, ಶುಲ್ಕದ ವಿನಾಯಿತಿಗೆ ಅರ್ಜಿ ಹಾಕುವ ಕೊನೆಯ ದಿನ ಯಾವಾಗ ಎಂದು ಕೇಳಿ. ಎಲ್ಲೆಲ್ಲೂ ಅದೇ ಹೆಸರಿನಲ್ಲಿ ನಡೆಯುವ, ಬರೀ ಊರು ತೋರಿಸಿ ಕಳಿಸುವ ಪ್ರವಾಸಗಳೂ ಇವೆ.

ಹುರಿಹಿಟ್ಟಿಗೆ ಇದು ನಾಲ್ಕನೇ ತಿಂಗಳು. ಆಹಾರ ಪದಾರ್ಥಕ್ಕೆ ಬೇಕಾದ ನೋಂದಣಿ ಮಾಡಿಸಿ, ಮೊದಲ ತಿಂಗಳು ಹುಡುಗಿಯರ ಹಾಸ್ಟೆಲುಗಳಿಗೆ ಕಾಲು ಕಿಲೋ ಪೊಟ್ಟಣ ಕೊಟ್ಟಳು. ತಿಂದವರೆಲ್ಲ ಬಹಳ ಚೆನ್ನಾಗಿದೆ ಎಂದರು. ಎರಡನೇ ಪೊಟ್ಟಣ ಕೊಂಡವರು ಮೂವರೇ. ಹೊಗಳಿಕೆಗೂ ಗಿರಾಕಿಗೂ ಇರುವ ದೂರ ಅದು. ಅವಳು ಮತ್ತೆ ಹೋಗಿ ಹಾಸ್ಟೆಲಿನ ಮಂಚದ ಮೇಲೆ ಕೂತು ಕೇಳಿದಳು. ಬೆಲ್ಲ ಎಲ್ಲಿಂದ ತರೋದು ಅಕ್ಕಾ, ಹಾಲು ಬೆಳಿಗ್ಗೆ ಒಂದು ಲೋಟ ಮಾತ್ರ, ಹಸಿವಾಗೋದು ಸಂಜೆ ಐದಕ್ಕೆ ಎಂದರಂತೆ. ಈಗ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ಒಂದು ಹೊತ್ತಿಗೆ ಸಾಕಾಗುವ ಚಿಕ್ಕ ಪೊಟ್ಟಣ ಮಾಡಿದ್ದಾಳೆ, ಬಿಸಿನೀರು ಹಾಕಿದರೆ ಸಾಕು. ಅರವತ್ತು ಸಾವಿರದಲ್ಲಿ ಹನ್ನೊಂದು ಸಾವಿರ ಉಳಿದಿದೆ. ಹೋದ ತಿಂಗಳು ಮೊದಲ ಸಲ ಖರ್ಚಿಗಿಂತ ಹುಟ್ಟುವಳಿ ಮುನ್ನೂರ ನಲವತ್ತು ರೂಪಾಯಿ ಹೆಚ್ಚಾಯಿತು. ಡೇ ಬುಕ್ ಬರೆಯುವ ಕೆಲಸ ನನ್ನದು, ಸಂಬಳವಿಲ್ಲ.

ಆದರೆ ರಾಗಿ ಅರಳಿಸುವ ಅಜ್ಜಿ ಈ ವಾರದಿಂದ ಕೂಲಿ ಕೇಳುತ್ತಿದ್ದಾಳೆ. ಇಪ್ಪತ್ತು ಸಾವಿರ ಕೊಟ್ಟವಳು ತಾನು, ಹಾಗಾಗಿ ಪಾಲುದಾರಳು, ಕೂಲಿಯೂ ಬೇಕು, ಪಾಲೂ ಬೇಕು ಎಂದು ಅವಳ ಪಟ್ಟು. ಒಂಬತ್ತು ಚೌಕದ ಹಾಳೆಯಲ್ಲಿ ಅಜ್ಜಿಯನ್ನು ಯಾವ ಚೌ­ಕಕ್ಕೆ ಹಾಕುವುದೆಂದು ಇಬ್ಬರಿಗೂ ಅಡುಗೆಮನೆಯಲ್ಲಿ ವಾದ ನಡೆದಿದೆ.